ಕೊಂಡು ತಂದ ಕಂಬನಿ

ಕನ್ನಡಕವಿಲ್ಲದ ಕನ್ನಡ ಅಧ್ಯಾಪಕನನ್ನು ಜನರು ಸುಲಭವಾಗಿ ನಂಬುವುದಿಲ್ಲ. ಹತ್ತನೆಯ ವಯಸ್ಸಿನಿಂದ ನನ್ನ ಮೂಗಿನ ಮೇಲೆ ಬೀಡುಬಿಟ್ಟಿದ್ದ ಆ ಉಪಕರಣವನ್ನು ಮೂವತ್ತಾರನೆಯ ವಯಸ್ಸಿನಲ್ಲಿ ಇಳಿಸಿ ಕಾಲೇಜಿಗೆ ಹೋದಾಗ, ಜವಾನನು ಬಾಗಿಲಲ್ಲೇ ತಡೆದು, "ಪ್ರಿನ್ಸಿಪಾಲರು ಮೀಟಿಂಗಿನಲ್ಲಿದ್ದಾರೆ, ಕುಳಿತಿರಿ" ಎಂದನು. ಲೇಸರ್ ಚಿಕಿತ್ಸೆಯ ಸುದ್ದಿ ಹಬ್ಬಿದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟು ಹೊತ್ತು ಹಿಡಿಯಿತು?" ಲೇಸರ್ ಬಿದ್ದದ್ದು ಒಂದೊಂದು ಕಣ್ಣಿಗೆ ಒಂದು ನಿಮಿಷವೂ ಇಲ್ಲ ಎಂದರೆ ಕೇಳಿದವರ ಮುಖ ಅರಳುತ್ತದೆ. ಮೂರು ತಿಂಗಳು ಹಿಡಿಯಿತು ಎಂದರೆ ಹುಬ್ಬು ಗಂಟಿಕ್ಕುತ್ತದೆ. ಎರಡೂ ನಿಜವೇ, ನಿಮಿಷದ್ದು ಯಂತ್ರದ ಲೆಕ್ಕ, ತಿಂಗಳದ್ದು ಕಣ್ಣಿನ ಲೆಕ್ಕ. ಜಾಹೀರಾತುಗಳಲ್ಲಿ ಯಂತ್ರದ ಲೆಕ್ಕವೇ ದೊಡ್ಡ ಅಕ್ಷರಗಳಲ್ಲಿ ಇರುವುದರಿಂದ, ಇನ್ನೊಂದನ್ನು ಇಲ್ಲಿ ಕೊಂಚ ವಿಸ್ತಾರವಾಗಿ ಹೇಳುವುದು ಯುಕ್ತವೆಂದು ತೋರಿದೆ.

ಯಂತ್ರದ ಕಥೆಯೂ ಸ್ವಾರಸ್ಯವಿಲ್ಲದುದಲ್ಲ. 1981ರ ನವೆಂಬರ್ ತಿಂಗಳು, ಅಮೆರಿಕನ್ನರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ. ನ್ಯೂಯಾರ್ಕ್ ರಾಜ್ಯದ ಐ.ಬಿ.ಎಂ. ಪ್ರಯೋಗಶಾಲೆಯಲ್ಲಿದ್ದ ರಂಗಸ್ವಾಮಿ ಶ್ರೀನಿವಾಸನ್ ಎಂಬ ವಿಜ್ಞಾನಿ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಒಯ್ದು ಅದರ ಮೇಲೆ ಎಕ್ಸೈಮರ್ ಲೇಸರನ್ನು ಹಾಯಿಸಿದರು. ಹುಟ್ಟಿದ್ದು ಮದರಾಸಿನಲ್ಲಿ, ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರ ಜೊತೆಗಾರರು. 193 ನ್ಯಾನೊಮೀಟರ್ ಅಲೆಯುದ್ದದ ಆ ಅತಿನೇರಳೆ ಬೆಳಕು ಮಾಂಸವನ್ನು ಸುಡಲಿಲ್ಲ. ಅಣುಗಳ ಬೆಸುಗೆಯನ್ನೇ ಬಿಡಿಸಿ, ನೆರೆಯ ಭಾಗಕ್ಕೆ ಬಿಸಿ ತಾಗಿಸದೆ, ಅಚ್ಚುಕಟ್ಟಾದ ಗೀರನ್ನು ಕೊರೆಯಿತು. 1983ರಲ್ಲಿ ನೇತ್ರವೈದ್ಯ ಸ್ಟೀಫನ್ ಟ್ರೋಕಲ್ ಅವರು ಶ್ರೀನಿವಾಸನ್ ಅವರೊಡಗೂಡಿ ಇದನ್ನು ಕಣ್ಣಿನ ಕಾರ್ನಿಯಾದ ಮೇಲೆ ಪ್ರಯೋಗಿಸಬಹುದೆಂದು ತೋರಿಸಿಕೊಟ್ಟರು. ನಾವು ಸಾಮಾನ್ಯವಾಗಿ "ಲೇಸರಿನಿಂದ ಸುಡುತ್ತಾರೆ" ಎನ್ನುತ್ತೇವೆ. ಸುಡದಿರುವುದೇ ಅದರ ಗುಣ.

ಕಾರ್ನಿಯಾ ಎಂದರೆ ಕಣ್ಣಿನ ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಭಾಗ. ಅದರ ದಪ್ಪ ನಡುವಿನಲ್ಲಿ ಹೆಚ್ಚುಕಡಮೆ ಅರ್ಧ ಮಿಲಿಮೀಟರ್. ಮೈನಸ್ ಐದರ ನನ್ನ ಕಣ್ಣಿನಿಂದ ತೆಗೆಯಬೇಕಾದದ್ದು ಸುಮಾರು 60 ಮೈಕ್ರಾನ್, ಒಂದು ತಲೆಗೂದಲಿನ ದಪ್ಪ. ಲಾಸಿಕ್ ಎಂದು ಪ್ರಸಿದ್ಧವಾದ ವಿಧಾನದಲ್ಲಿ ಮೇಲ್ಪದರವನ್ನು ಪುಸ್ತಕದ ರಟ್ಟಿನಂತೆ ಮಗುಚಿ, ಒಳಗೆ ತಿದ್ದಿ, ಮತ್ತೆ ಮುಚ್ಚುತ್ತಾರೆ. ಮರುದಿನವೇ ನೋಟ ಬಹುಮಟ್ಟಿಗೆ ತಿಳಿಯಾಗುವುದುಂಟು. ನನ್ನ ಕಾರ್ನಿಯಾ ತೆಳು. ಅದಕ್ಕಾಗಿ ವೈದ್ಯರು ಪಿ.ಆರ್.ಕೆ. ಎಂಬ ಹಳೆಯ ವಿಧಾನವನ್ನು ಆರಿಸಿದರು. ಇದರಲ್ಲಿ ರಟ್ಟಿಲ್ಲ. ಮೇಲಿನ ತೆಳುಚರ್ಮವನ್ನು ಒರೆಸಿ ತೆಗೆದು, ನೇರವಾಗಿ ಲೇಸರನ್ನು ಪ್ರಯೋಗಿಸಿ, ಮೆದು ಲೆನ್ಸೊಂದನ್ನು ಪಟ್ಟಿಯಂತೆ ಕೂರಿಸಿ ಮನೆಗೆ ಕಳುಹಿಸುತ್ತಾರೆ. ಚರ್ಮವನ್ನು ಮತ್ತೆ ಬೆಳೆಸಿಕೊಳ್ಳುವುದು ಕಣ್ಣಿಗೆ ಬಿಟ್ಟ ಕೆಲಸ.

ನಮ್ಮ ಮನೆಯ ಹಿರಿಯರಿಗೆ ಕಣ್ಣಿನ ಆಪರೇಷನ್ ಎಂದರೆ ಪೊರೆಯ ಆಪರೇಷನ್ ಒಂದೇ. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನಡೆಸುತ್ತಿದ್ದ ಉಚಿತ ಶಿಬಿರವೊಂದರಲ್ಲಿ ನನ್ನಜ್ಜಿಗೆ ದೃಷ್ಟಿ ಮರಳಿತ್ತು. 2005ರಲ್ಲಿ ಅವರು ತೀರಿಕೊಂಡಾಗ ಅಮ್ಮ ಆ ದಿನ ದೇವರ ಮುಂದೆ ಇನ್ನೊಂದು ದೀಪ ಹಚ್ಚಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆ ಅಲುಗಿಸದೆ, ದಿನಗಟ್ಟಲೆ ಮಲಗಿದ್ದ ಅಜ್ಜಿಯನ್ನು ನೆನೆಸಿಕೊಂಡ ಅಮ್ಮನಿಗೆ, ನಾನು ಆಸ್ಪತ್ರೆಯಿಂದ ನಡೆದುಕೊಂಡು ಬಂದದ್ದೇ ಅಪಶಕುನವಾಗಿ ಕಂಡಿತು. "ಮಲಗೋ ಮಗು, ಕತ್ತು ಅಲ್ಲಾಡಿಸಬೇಡ" ಎಂದು ಎರಡು ಕಡೆಗೂ ದಿಂಬು ಒತ್ತಿಟ್ಟಳು.

ಮೊದಲ ದಿನ ಏನೂ ಅನ್ನಿಸಲಿಲ್ಲ. ಎರಡನೆಯ ರಾತ್ರಿ, ಹಸಿಮೆಣಸಿನಕಾಯಿ ಹೆಚ್ಚಿದ ಕೈಯಿಂದ ಎರಡು ಕಣ್ಣುಗಳನ್ನೂ ಯಾರೋ ಉಜ್ಜಿದಂತಾಯಿತು. ಮೈಯಲ್ಲಿ ಇಷ್ಟು ಒತ್ತಾಗಿ ನರಗಳಿರುವ ಜಾಗಗಳು ವಿರಳವಂತೆ. ಕಾರ್ನಿಯಾದಲ್ಲಿ ರಕ್ತನಾಳವಿಲ್ಲ, ಉಸಿರನ್ನು ಅದು ಹೊರಗಿನ ಗಾಳಿಯಿಂದ, ಕಣ್ಣೀರಿನ ಮೂಲಕ ಪಡೆಯುತ್ತದೆ. ನೆತ್ತರಿಲ್ಲದಿರುವುದರಿಂದಲೇ ಅದು ಗಾಜಿನಂತೆ ತಿಳಿ. ಗಾಯ ಮಾಯುವಾಗ ಅವಸರ ಮಾಡದಿರುವುದಕ್ಕೂ ಅದೇ ಒಂದು ಕಾರಣ. ಕಿಟಕಿಗೆ ಕಂಬಳಿ ಕಟ್ಟಿದ ಕೋಣೆಯಲ್ಲಿ ಮೂರು ದಿನ ಕಳೆದೆ. ಐದನೆಯ ದಿನ ಲೆನ್ಸು ತೆಗೆದರು. ಅಂದು ಲೋಕವೆಲ್ಲ ಹೊಳೆಯುವುದೆಂದು ಕಾದಿದ್ದವನಿಗೆ ಗೋಡೆಯ ಮೇಲಿನ ಅಕ್ಷರಪಟದ ನಾಲ್ಕನೆಯ ಸಾಲೇ ಮಂಜು. ಹೊಸ ಚರ್ಮವು ಸುತ್ತಣ ಅಂಚಿನಿಂದ ಬೆಳೆದು ನಡುವಿನಲ್ಲಿ ಸಂಧಿಸುತ್ತದೆಯಂತೆ. ಸಂಧಿಯಾದ ಜಾಗದಲ್ಲಿ ಕೆಲವು ದಿನ ಉಬ್ಬು ನಿಲ್ಲುತ್ತದೆ. ಅದು ಇರುವುದು ಸರಿಯಾಗಿ ನೋಟದ ದಾರಿಯಲ್ಲಿ. ಸಂಧಿಪ್ರಕರಣವನ್ನು ಹನ್ನೆರಡು ವರ್ಷ ಪಾಠ ಹೇಳಿದ ನಾನು ಈ ಸಂಧಿಯನ್ನು ಮಾತ್ರ ಅರಿತಿರಲಿಲ್ಲ.

ರಜೆ ಮುಗಿದು ತರಗತಿಗೆ ಹೋದಾಗ ನಿಜವಾದ ಭಯ ಹುಟ್ಟಿತು. ದೂರದ ಬೋರ್ಡು ಕಾಣುತ್ತಿತ್ತು, ಕೈಯಲ್ಲಿನ ಪುಸ್ತಕ ಕಾಣದು. ಕನ್ನಡ ಲಿಪಿಗೆ ಮಂಜು ಕವಿದರೆ ಮೊದಲು ಕೆಡುವುದು ಒತ್ತಕ್ಷರ. ಸಾಲಿನಡಿಯಲ್ಲಿ ಬರಿಯ ಮಸಿಯ ಬೊಟ್ಟುಗಳು. ಹಳಗನ್ನಡ ಪದ್ಯಗಳನ್ನು ವಿದ್ಯಾರ್ಥಿಗಳಿಂದಲೇ ಓದಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕಂದಪದ್ಯವನ್ನು ಎಷ್ಟು ಸೊಗಸಾಗಿ ಬಿಡಿಸಿ ಓದುತ್ತಾಳೆಂಬುದು ಆಗ ತಿಳಿಯಿತು. ಆದರೆ ರಾತ್ರಿ ಮಲಗಿದಾಗ ಮನಸ್ಸು ಬೇರೆ ಲೆಕ್ಕ ಹಾಕುತ್ತಿತ್ತು. ಓದಿಯೇ ಅನ್ನ ಉಣ್ಣುವವನು ನಾನು. ಒತ್ತಕ್ಷರ ಹೀಗೆಯೇ ಉಳಿದುಬಿಟ್ಟರೆ? ಬೀದಿದೀಪಗಳ ಸುತ್ತ ದೇವರ ಪಟದ ಪ್ರಭಾವಳಿಯಂತೆ ಬಳೆಗಳು ಕಾಣುತ್ತಿದ್ದುವು. ನನ್ನಾಕೆಗೆ ಇದನ್ನು ಹೇಳಲಿಲ್ಲ. ಹೇಳದಿದ್ದರೂ ಅವಳಿಗೆ ತಿಳಿದಿತ್ತು. ಪತ್ರಿಕೆಯ ಧಾರಾವಾಹಿಯನ್ನು ವಾರವಾರವೂ, ನಾನು ಕೇಳುವ ಮೊದಲೇ, ಗಟ್ಟಿಯಾಗಿ ಓದತೊಡಗಿದಳು.

ಹನಿಮದ್ದಿನ ಖಾತೆಯೂ ಅವಳದೇ. ಸೋಂಕು ತಡೆಯುವ ಹನಿ ಒಂದು ವಾರ; ಸ್ಟೀರಾಯ್ಡ್ ಹನಿ ತಿಂಗಳುಗಳವರೆಗೆ, ದಿನಕ್ಕೆ ನಾಲ್ಕು ಬಾರಿಯಿಂದ ಮೆಲ್ಲಮೆಲ್ಲನೆ ಇಳಿಸುತ್ತ. ಈ ಎರಡನೆಯದರ ವಿಷಯದಲ್ಲಿ ವೈದ್ಯರು ಬಲು ಬಿಗಿ. ಹೇಳಿದ್ದಕ್ಕಿಂತ ಬೇಗ ಬಿಟ್ಟರೆ ಕಾರ್ನಿಯಾ ಮಬ್ಬಾಗಬಹುದು, ಹೆಚ್ಚು ದಿನ ಹಾಕಿದರೆ ಕಣ್ಣೊಳಗಿನ ಒತ್ತಡ ಏರಬಹುದು. ಕಣ್ಣು ಕೆಂಪಾದಾಗಲೆಲ್ಲ ಔಷಧದ ಅಂಗಡಿಯಲ್ಲಿ ಅದನ್ನೇ ಕೇಳಿ ಕೊಳ್ಳುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಮೂರನೆಯದು ಕೃತಕ ಕಣ್ಣೀರು. ಕಣ್ ಎಂಬುದಕ್ಕೆ ಪನಿ ಸೇರಿ ಕಂಬನಿ ಆಯಿತು, ಆ ಪನಿಯೇ ಇಂದಿನ ಹನಿ ಎಂದು ಪಾಠ ಹೇಳುವವನು, ಕಂಬನಿಯನ್ನು ರಸೀದಿ ಪಡೆದು ಕೊಂಡು ತಂದೆ. ಲೇಸರಿನಿಂದ ಕಾರ್ನಿಯಾದ ನರಗಳ ತುದಿಗಳು ಕಡಿದಿರುತ್ತವೆ. ಅವು ಮತ್ತೆ ಚಿಗುರುವ ತನಕ ಕಣ್ಣು ಒಣಗಿದ್ದರೂ ಮಿದುಳಿಗೆ ಸರಿಯಾಗಿ ಸುದ್ದಿ ಮುಟ್ಟದು. ಆದ್ದರಿಂದ ಎವೆಯಿಕ್ಕುವುದನ್ನು ನೆನಪಿಟ್ಟುಕೊಂಡು ಮಾಡಬೇಕು. ಓದುವಾಗ, ಅದಕ್ಕಿಂತ ಹೆಚ್ಚಾಗಿ ಮೊಬೈಲ್ ನೋಡುವಾಗ, ನಾವು ಎವೆಯಿಕ್ಕುವುದನ್ನು ಮರೆಯುತ್ತೇವೆ. ದೇವತೆಗಳಿಗೆ ಅನಿಮಿಷರೆಂದು ಹೆಸರು. ಅವರಿಗೆ ಕಾರ್ನಿಯಾದ ಚಿಂತೆಯಿಲ್ಲ.

ಆಸ್ಪತ್ರೆಯ ಬೆಂಚಿನಲ್ಲಿ ಕಂಡ ಒಂದು ಸಂಗತಿಯನ್ನು ಹೇಳದೆ ಬಿಡಲಾರೆ. ಮಗಳ ಮದುವೆಗೆ ಹನ್ನೆರಡು ದಿನವಿರುವಾಗ ಕನ್ನಡಕ ತೆಗೆಸಲು ಬಂದ ದಂಪತಿಗಳಿದ್ದರು. ನಿಶ್ಚಿತಾರ್ಥದಲ್ಲಿ ಗಂಡಿನ ಕಡೆಯವರು ಏನೋ ಅಂದಿದ್ದರಂತೆ. ಹುಡುಗಿ ಮಾತಾಡಲಿಲ್ಲ. ವೈದ್ಯರು, "ಹೋಮದ ಹೊಗೆ, ಕಾಡಿಗೆ, ಸಂತೋಷದ ಕಣ್ಣೀರನ್ನು ಒರೆಸಿಕೊಳ್ಳುವುದು, ಈ ಮೂರೂ ಇಲ್ಲದ ಮದುವೆ ಮಾಡುತ್ತೀರಾ?" ಎಂದು ಕೇಳಿ ಹಿಂದಕ್ಕೆ ಕಳುಹಿಸಿದರು. ಕನ್ನಡಕದ ವಧುವನ್ನು ಒಪ್ಪದ ಗಂಡಿಗೇ ಮೊದಲು ಕಣ್ಣಿನ ಪರೀಕ್ಷೆಯಾಗಬೇಕು ಎಂಬುದು ನನ್ನ ಅಭಿಪ್ರಾಯ.

ಮೂರನೆಯ ತಿಂಗಳ ಕೊನೆಯಲ್ಲಿ ಅಕ್ಷರಪಟದ 6/6 ಸಾಲನ್ನು ತಡವರಿಸದೆ ಓದಿದೆ. ಒತ್ತಕ್ಷರಗಳು ತಮ್ಮ ತಮ್ಮ ಸ್ಥಾನಗಳಿಗೆ ಮರಳಿವೆ, ದೀಪದ ಬಳೆಗಳು ಮಾಸಿವೆ. ಬೆಳಗಿನ ಹೊತ್ತು ಮಾತ್ರ ಕಣ್ಣು ಒಣಗಿರುವುದರಿಂದ ಕಂಬನಿಯ ಸೀಸೆ ಇನ್ನೂ ದಿಂಬಿನ ಬಳಿ ಇದೆ.

ಇಷ್ಟಾದರೂ ನಮ್ಮ ತಂದೆಯವರಿಗೆ ಸಮಾಧಾನವಿಲ್ಲ. ಅವರದೂ ನನ್ನಂತೆಯೇ ಮೈನಸ್ ಕಣ್ಣು. ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಬಿರುಸಾಗಿ ಎಲ್ಲರಿಗೂ ಓದುವ ಕನ್ನಡಕ ಬರುತ್ತದೆ. ಅದಕ್ಕೇ ಬಡಗಣದವರು ಕನ್ನಡಕವನ್ನು ಚಾಳೀಸು, ಎಂದರೆ ನಲವತ್ತು, ಎಂದು ಕರೆದರು. ಲೇಸರು ಮುಟ್ಟುವುದು ಕಾರ್ನಿಯಾವನ್ನು, ಆ ಮಸೂರವನ್ನಲ್ಲ. ಸಮೀಪದೃಷ್ಟಿಯವರಿಗೆ ಮುಪ್ಪಿನಲ್ಲಿ ಒಂದು ಸೌಕರ್ಯವುಂಟು: ಕನ್ನಡಕ ತೆಗೆದರೆ ಹತ್ತಿರದ ಅಕ್ಷರ ತಾನಾಗಿ ಕಾಣುತ್ತದೆ. ನಾನು ಆ ಸೌಕರ್ಯವನ್ನು ತಿಳಿದೇ ಬಿಟ್ಟುಕೊಟ್ಟಿದ್ದೇನೆ.

"ಇನ್ನು ನಾಲ್ಕೈದು ವರ್ಷಕ್ಕೆ ಚಾಳೀಸು ಬರುತ್ತದಲ್ಲ, ಆಗ ಏನು ಮಾಡುತ್ತೀಯೆ?" ಎಂದು ಮೊನ್ನೆ ಕೇಳಿದರು.

"ಹಾಕಿಕೊಳ್ಳುತ್ತೇನೆ ಅಪ್ಪ. ಅದುವರೆಗೆ ಮಳೆಯಲ್ಲಿ ಗಾಜು ಒರೆಸದೆ ನಡೆಯುತ್ತೇನೆ" ಎಂದೆ.

ಅವರು ಉತ್ತರ ಕೊಡಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಪಂಚಾಂಗವನ್ನು ಮೂಗಿನ ತುದಿಗೆ ತಂದುಕೊಂಡು, ಅತಿ ಸಣ್ಣ ಅಕ್ಷರದ ರಾಹುಕಾಲವನ್ನು ನನಗೆ ಕೇಳುವಂತೆ ಗಟ್ಟಿಯಾಗಿ ಓದಿದರು.