ಇಂಟರ್‌ನೆಟ್ಟಿಗೂ ಎಲ್‌ಎಲ್‌ಆರ್ ಬೇಕೆ?

ಪೊಲೀಸರ ಸೋಗಿನಲ್ಲಿ ಫೋನ್ ಮಾಡಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಹೆಸರಲ್ಲಿ ಯಾರೋ ಲಕ್ಷಗಟ್ಟಲೆ ಕಳೆದುಕೊಂಡ ಸುದ್ದಿ ಬಂದಾಗಲೆಲ್ಲ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: ಸ್ಕೂಟರ್ ಓಡಿಸೋಕೆ ಲೈಸೆನ್ಸ್ ಬೇಕು, ಇಂಟರ್‌ನೆಟ್ಟಿಗೆ ಬೇಡ್ವಾ? ಮಾತು ಹಳೆಯದೇ. 2010ರಲ್ಲಿ ದಾವೋಸ್‌ನಲ್ಲಿ ಮೈಕ್ರೋಸಾಫ್ಟಿನ ಕ್ರೇಗ್ ಮಂಡಿ ಕೂಡ ಇಂಥದ್ದೇ ಸಲಹೆ ಕೊಟ್ಟಿದ್ದರು. ವೈರಸ್ ಹೊಕ್ಕ ಒಂದು ಕಂಪ್ಯೂಟರ್ ಊರಿಗೆಲ್ಲ ಕಾಟ ಕೊಡುವುದು ನಿಜವಾದ್ದರಿಂದ ಅದನ್ನು ಹುಚ್ಚು ಯೋಚನೆ ಎಂದು ತಳ್ಳಿಹಾಕುವಂತಿಲ್ಲ.

ಆದರೆ ಪರೀಕ್ಷೆ ಯಾರಿಗೆ? ಬೆಂಗಳೂರಿನಲ್ಲಿ ಈ ಬಲೆಗೆ ಬಿದ್ದವರಲ್ಲಿ ಸಾಫ್ಟ್‌ವೇರ್ ಎಂಜಿನಿಯರುಗಳಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ. ಎಂಥ ಪ್ರಶ್ನೆಪತ್ರಿಕೆ ಕೊಟ್ಟರೂ ಪಾಸಾಗುವ ಜನ. ಅವರನ್ನು ಕೆಡವಿದ್ದು ಕಂಪ್ಯೂಟರ್ ಬಾರದಿರುವುದಲ್ಲ, ವಿಡಿಯೊ ಕಾಲ್‌ನಲ್ಲಿ ಕಂಡ ಖಾಕಿ ಬಟ್ಟೆ. ಕಾನೂನಿನಲ್ಲಿ ಇಂಥ ಅರೆಸ್ಟೇ ಇಲ್ಲವೆಂದು 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೊದಲ್ಲಿ ಹೇಳಿದರು. ಫೋನು ಬಂದಾಗ ಆ ಮಾತು ನೆನಪಾಗಬೇಕಲ್ಲ! ಈಗ ದೂರಸಂಪರ್ಕ ಪ್ರಾಧಿಕಾರ ಟ್ರಾಯ್ ಹೆಸರು ಹೇಳಿ ‘ನಿಮ್ಮ ನಂಬರ್ ಬಂದ್ ಆಗುತ್ತೆ’ ಎಂದು ಹೆದರಿಸುವವರು, ಲೈಸೆನ್ಸ್ ಬಂದ ಮರುದಿನವೇ ‘ನಿಮ್ಮ ಲೈಸೆನ್ಸ್ ರದ್ದಾಗಿದೆ’ ಎಂದು ಶುರುಮಾಡುತ್ತಾರೆ. ಕಳ್ಳನಿಗೆ ಇನ್ನೊಂದು ಕಚೇರಿಯ ಹೆಸರು ಸಿಕ್ಕಂತಾಯಿತು, ಅಷ್ಟೆ.

ಲೈಸೆನ್ಸ್ ಅಲ್ಲದಿದ್ದರೂ ಅದರ ಅಣ್ಣನಂಥ ವ್ಯವಸ್ಥೆಯನ್ನು ದಕ್ಷಿಣ ಕೊರಿಯಾ ಮಾಡಿ ನೋಡಿತು. 2007ರಿಂದ ಅಲ್ಲಿನ ದೊಡ್ಡ ಜಾಲತಾಣಗಳಲ್ಲಿ ಏನಾದರೂ ಬರೆಯಬೇಕಾದರೆ ನಿಜಹೆಸರನ್ನು ದೃಢಪಡಿಸಬೇಕಿತ್ತು. ಅಲ್ಲಿನ ನಿವಾಸಿ ಸಂಖ್ಯೆ ಎಂದರೆ ನಮ್ಮ ಆಧಾರ್ ಇದ್ದ ಹಾಗೆ. ಹೆಸರು ದೃಢಪಡಿಸಲು ಅದನ್ನು ಕೊಡುವುದೇ ರೂಢಿಯಾಯಿತು. ಬೈಗುಳ, ಚಾರಿತ್ರ್ಯಹನನ ನಿಲ್ಲಲಿ ಎಂಬುದು ಉದ್ದೇಶ. 2009ರಲ್ಲಿ ಯೂಟ್ಯೂಬ್ ಈ ನಿಯಮಕ್ಕೆ ಒಪ್ಪದೆ ಕೊರಿಯಾದ ಪುಟದಲ್ಲಿ ವಿಡಿಯೊ ಹಾಕುವುದನ್ನೂ ಪ್ರತಿಕ್ರಿಯೆ ಬರೆಯುವುದನ್ನೂ ನಿಲ್ಲಿಸಿಬಿಟ್ಟಿತು; ಬಳಕೆದಾರರು ಸೆಟಿಂಗ್ಸ್‌ನಲ್ಲಿ ಬೇರೆ ದೇಶ ಆಯ್ದುಕೊಂಡು ತಮ್ಮ ಪಾಡಿಗೆ ತಾವಿದ್ದರು. 2011ರ ಜುಲೈನಲ್ಲಿ ನೇಟ್, ಸೈವರ್ಲ್ಡ್ ತಾಣಗಳಿಗೆ ಕನ್ನ ಬಿತ್ತು. ಸುಮಾರು 3.5 ಕೋಟಿ ಖಾತೆಗಳ ವಿವರ ಸೋರಿಹೋಯಿತು. ದೇಶದ ಜನಸಂಖ್ಯೆಯೇ ಸುಮಾರು 5 ಕೋಟಿ! ಮರುವರ್ಷ ಅಲ್ಲಿನ ಸಂವಿಧಾನ ನ್ಯಾಯಾಲಯ ಕಾನೂನನ್ನು ಒಮ್ಮತದಿಂದ ರದ್ದು ಮಾಡಿತು. ಅಕ್ರಮ ಬರಹಗಳು ಗಮನಾರ್ಹವಾಗಿ ಇಳಿದದ್ದಕ್ಕೆ ಪುರಾವೆಯೇ ಇರಲಿಲ್ಲ.

ನಮ್ಮಲ್ಲೂ ಸೈಬರ್ ಕೆಫೆಗೆ ಹೋದವರು ಗುರುತಿನ ಚೀಟಿ ತೋರಿಸಿ, ರಿಜಿಸ್ಟರಿನಲ್ಲಿ ಹೆಸರು, ವಿಳಾಸ ಬರೆದೇ ಕೂರಬೇಕಿತ್ತು. ಕೇಂದ್ರದ ನಿಯಮ ಬಂದದ್ದು 2011ರಲ್ಲಿ; ಕರ್ನಾಟಕ 2004ರಲ್ಲೇ ತನ್ನದೊಂದು ನಿಯಮ ಮಾಡಿತ್ತು. ಆ ರಿಜಿಸ್ಟರು ಕೌಂಟರ್ ಮೇಲೆ ಯಾರು ಬೇಕಾದರೂ ನೋಡುವಂತೆ ಬಿದ್ದಿರುತ್ತಿದ್ದುದು ಬೇರೆ ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಆಮೇಲೆ, 2017ರಲ್ಲಿ, ಅದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ.

ಬಿಗಿ ಮಾಡಲೇಬೇಕೆಂದರೆ ಬಾಡಿಗೆಗೆ ಸಿಗುವ ಬ್ಯಾಂಕ್ ಖಾತೆಗಳನ್ನು, ಕಂತೆಗಟ್ಟಲೆ ಸಿಮ್ ಮಾರುವವರನ್ನು ಬಿಗಿ ಮಾಡಲಿ. ಕದ್ದ ದುಡ್ಡು ಓಡುವುದು ಆ ದಾರಿಯಲ್ಲೇ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಹೋಗುವ ಹೊತ್ತಿಗೆ ಹಣ ನಾಲ್ಕಾರು ಖಾತೆ ದಾಟಿರುತ್ತದೆ. ಎಪ್ಪತ್ತು ದಾಟಿದವರೊಬ್ಬರು ಇದ್ದಬದ್ದ ಎಫ್‌ಡಿಗಳನ್ನೆಲ್ಲ ಒಂದೇ ಮಧ್ಯಾಹ್ನ ಮುರಿಸಿ, ಹಿಂದೆಂದೂ ಹಣ ಹಾಕದ ಖಾತೆಗೆ ಕಳಿಸಲು ಹೊರಟಾಗ ಬ್ಯಾಂಕು ಅದನ್ನು ಒಂದು ದಿನ ತಡೆಹಿಡಿದು, ಮನೆಯವರಿಗೊಂದು ಫೋನ್ ಮಾಡಲಿ. ಇದಕ್ಕೆ ಯಾವ ಲೈಸೆನ್ಸೂ ಬೇಕಿಲ್ಲ.