ವೊವಿಯೊಗೂ ಹಾದಿ ಬೇಕು

ಕಳೆದ ಮೇ ತಿಂಗಳಲ್ಲಿ ಮಣ್ಣಗುಡ್ಡದ ಮನೆಯೊಂದರ ರೋಸ್ ಸಮಾರಂಭಕ್ಕೆ ಹೋಗಿದ್ದೆವು. ಎಂಬತ್ತು ದಾಟಿದ ಅಜ್ಜಿಯೊಬ್ಬರು ವೊವಿಯೊ ಹಾಡುತ್ತಿದ್ದರು. ಮೊಮ್ಮಗಳು ಅದನ್ನು ಮೊಬೈಲಿನಲ್ಲಿ ಮುದ್ರಿಸಿ ಕುವೈತಿನ ಬಂಧುಗಳಿಗೆ ಅಲ್ಲಿಂದಲೇ ಕಳುಹಿಸಿದಳು. ಆ ಅಜ್ಜಿಗೆ ಓದುಬರಹ ಬಾರದು. ಅವರಲ್ಲಿರುವ ಕೊಂಕಣಿಯ ಸಂಪತ್ತೆಲ್ಲ ಕಂಠದಲ್ಲಿಯೇ ಇದೆ.

ಆ ಹಾಡು ಕಡಲಾಚೆಗೆ ಸೇರುವಾಗ ಅದು ಯಾವ ಭಾಷೆಯದು, ಯಾರದು ಎಂದು ದೂರವಾಣಿ ಸಂಸ್ಥೆ ಕೇಳಲಿಲ್ಲ. ಅಂತರ್ಜಾಲದ ತಾಟಸ್ಥ್ಯವೆಂದರೆ ಇಷ್ಟೇ. ಸಂಪರ್ಕಕ್ಕೆ ಹಣ ತೆತ್ತವನು ಯಾವ ತಾಣಕ್ಕೆ ಹೋದರೂ ಏನನ್ನು ಕಳುಹಿಸಿದರೂ ಒಂದೇ ದರ, ಒಂದೇ ಹಾದಿ. 1938ರಲ್ಲಿ ಆರಂಭವಾದ ನಮ್ಮ 'ರಾಕ್ಣೊ' ವಾರಪತ್ರಿಕೆಯನ್ನು ಹೊತ್ತು ಮನೆಮನೆಗೆ ಬಂದ ಅಂಚೆಯಣ್ಣನೂ ಅದರ ಭಾಷೆಯನ್ನು ನೋಡಿ ದರ ಹೇಳಿದವನಲ್ಲ.

2015ರಲ್ಲಿ ಈ ವ್ಯವಸ್ಥೆಗೆ ಸಂಚಕಾರ ಬಂದಿತ್ತು. ಫೇಸ್‌ಬುಕ್ ಸಂಸ್ಥೆಯು ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ, ಆಯ್ದ ಕೆಲವು ತಾಣಗಳನ್ನು ಬಡವರಿಗೆ ಉಚಿತವಾಗಿ ನೀಡುವ ಯೋಜನೆಯನ್ನು ತಂದಿತು. ಮುಂದೆ ಅದಕ್ಕೆ 'ಫ್ರೀ ಬೇಸಿಕ್ಸ್' ಎಂದು ಹೆಸರಾಯಿತು. ಏನೂ ಇಲ್ಲದವನಿಗೆ ಇಷ್ಟಾದರೂ ಸಿಗಲಿ ಎಂದು ನಾವೂ ಆಗ ಅಂದುಕೊಂಡಿದ್ದೆವು, ಮುಚ್ಚಿಡುವುದೇಕೆ? ಆದರೆ ಅದರ ನಿಯಮಗಳನ್ನು ಓದಿದಾಗ ಮನಸ್ಸು ಬದಲಾಯಿತು. ಆ ಉಚಿತ ಅಂಗಳದೊಳಗೆ ಬರುವ ತಾಣಗಳಲ್ಲಿ ವಿಡಿಯೊ ಇರಕೂಡದು, ಧ್ವನಿ ಕರೆ ಇರಕೂಡದು, ದೊಡ್ಡ ಚಿತ್ರಗಳೂ ಕೂಡದು. ಅಂದರೆ ಓದಬಲ್ಲವನಿಗೆ ಪ್ರವೇಶ, ಹಾಡಬಲ್ಲವಳಿಗೆ ಇಲ್ಲ! ತುಳುವಿನ ಪಾಡ್ದನಗಳು, ಬರಹದ ಸಂಪ್ರದಾಯವೇ ಇಲ್ಲದ ಕೊರಗ ನುಡಿ, ನಮ್ಮ ವೊವಿಯೊ, ಇವೆಲ್ಲ ಹೊರಗೇ ನಿಲ್ಲಬೇಕಿತ್ತು. ಯಾರು ಹೆಚ್ಚು ಬಡವರೋ ಅವರ ಪಾಲಿಗೇ ಹೆಚ್ಚು ಇಕ್ಕಟ್ಟಾದ ಬಾಗಿಲು.

ಸೆಮಿನರಿಯಲ್ಲಿ ಸಂತ ತೋಮಸ್ ಅಕ್ವಿನಾಸರನ್ನು ಓದುವಾಗ, ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ನ್ಯಾಯವೆಂದು ಕಲಿತಿದ್ದೆವು. ದಾನವು ದೊಡ್ಡದೇ, ಆದರೆ ನ್ಯಾಯದ ಸ್ಥಾನದಲ್ಲಿ ಅದನ್ನು ಕೂರಿಸಲಾಗದು. ದಾನಿಯು ತನಗೆ ಬೇಕಾದುದನ್ನು ಆರಿಸಿ ಕೊಡುತ್ತಾನೆ, ಬೇಡವೆನಿಸಿದಾಗ ನಿಲ್ಲಿಸುತ್ತಾನೆ.

ಹತ್ತು ಲಕ್ಷಕ್ಕೂ ಮಿಕ್ಕಿದ ಮಿಂಚಂಚೆಗಳು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಹೋದವು. 2016ರ ಫೆಬ್ರವರಿ 8ರಂದು ಪ್ರಾಧಿಕಾರವು ತಾಣವನ್ನು ನೋಡಿ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ಮೀರಿದವರಿಗೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ರೂಪಾಯಿ ದಂಡ. ಅದೇ ವರ್ಷದ ಆಗಸ್ಟಿನಲ್ಲಿ ತುಳು ವಿಕಿಪೀಡಿಯ ಲೋಕಾರ್ಪಣೆಗೊಂಡಿತು. ಕೊಂಕಣಿಗೆ 1992ರಲ್ಲಿ ದೊರೆತ ಎಂಟನೆಯ ಪರಿಚ್ಛೇದದ ಸ್ಥಾನ ತುಳುವಿಗೆ ಇನ್ನೂ ದೊರೆತಿಲ್ಲ. ಆದರೂ ಅಂತರ್ಜಾಲದಲ್ಲಿ ಅದು ಯಾರ ಅಪ್ಪಣೆಗೂ ಕಾಯಬೇಕಾಗಲಿಲ್ಲ.

ಹಾದಿ ಸಮನಾದ ಮಾತ್ರಕ್ಕೆ ಎಲ್ಲರ ಮನೆಗೂ ಹಾದಿ ಬಂದಂತಾಗದು, ನಿಜ. 2021ರ ಜೂನ್ ತಿಂಗಳ ಮಳೆಯಲ್ಲಿ, ಸುಳ್ಯ ತಾಲೂಕಿನ ಗುತ್ತಿಗಾರು ಬಳಿ ರಸ್ತೆಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯು ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾವೆಲ್ಲ ಪತ್ರಿಕೆಗಳಲ್ಲಿ ಕಂಡಿದ್ದೇವೆ. ಗೋಪುರ ಕಟ್ಟುವುದು ಬೇರೆಯೇ ಹೋರಾಟ.

ಈಚಿನ ವರ್ಷಗಳಲ್ಲಿ ದೂರಸಂಪರ್ಕ ಸಂಸ್ಥೆಗಳು, ಹೆಚ್ಚು ದತ್ತಾಂಶ ಹರಿಸುವ ದೊಡ್ಡ ತಾಣಗಳು ತಮಗೆ ಪಾಲು ಕೊಡಬೇಕೆಂದು ಕೇಳತೊಡಗಿವೆ. ಇಂದು ದೊಡ್ಡವರಿಂದ ಮಾತ್ರ ಎನ್ನುತ್ತಾರೆ. ಸುಂಕದ ಕಟ್ಟೆ ಒಮ್ಮೆ ಎದ್ದರೆ ಎತ್ತಿನ ಗಾಡಿಯನ್ನು ಎಷ್ಟು ದಿನ ಬಿಟ್ಟಾರು? 2015ರಲ್ಲಿ ನಮ್ಮ ಧರ್ಮಕೇಂದ್ರದ ಸಭೆಗಳಲ್ಲಿ ಈ ವಿಷಯ ಒಮ್ಮೆಯೂ ಚರ್ಚೆಗೆ ಬರಲಿಲ್ಲ, ತಪ್ಪು ನಮ್ಮದೇ. ಪ್ರಾಧಿಕಾರವು ಮುಂದೆ ಅಭಿಪ್ರಾಯ ಕೇಳಿದಾಗ ವಾರ್ಡಿನ ಗುರ್ಕಾರರು ಒಂದು ಸಂಜೆ ಎಲ್ಲರನ್ನೂ ಕೂಡಿಸಿ ಪತ್ರ ಬರೆಸಲಿ. ಒಕ್ಕಣೆಗೆ ನಾವು ನೆರವಾಗುತ್ತೇವೆ.