ಹೆಸರು ಒಂದೇ, ನಂಬರು ಬೇರೆ

ನಾಗಪುರದ ವಿಮಾನ ನಿಲ್ದಾಣದ ಮಗ್ಗುಲಲ್ಲಿ ಹರಡಿಕೊಂಡಿರುವ ಮಿಹಾನ್ ಪ್ರದೇಶದಲ್ಲಿ ಬೋಯಿಂಗ್ ಕಂಪನಿಯು ಏರ್ ಇಂಡಿಯಾಕ್ಕಾಗಿ ಕಟ್ಟಿಕೊಟ್ಟ ವಿಮಾನ ದುರಸ್ತಿ ಕೇಂದ್ರವೊಂದಿದೆ. ಅದು ಆರಂಭವಾದುದು 2015ರಲ್ಲಿ. ವಿಮಾನಗಳಿಗೂ ಬಳಸಿದ ಬಿಡಿಭಾಗಗಳನ್ನು ಜೋಡಿಸುವುದುಂಟು ಎಂದರೆ ಓದುಗರಲ್ಲಿ ಹಲವರಿಗೆ ಆಶ್ಚರ್ಯವಾದೀತು. ಆದರೆ ಆ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ಭಾಗದ ನಂಬರು ಮತ್ತು ಪರೀಕ್ಷಿಸಿದವರ ರುಜು ಉಳ್ಳ ಪ್ರಮಾಣಪತ್ರವಿಲ್ಲದ ಭಾಗವು, ಸ್ಥಾನದಲ್ಲಿ ಎಷ್ಟೇ ಚೆನ್ನಾಗಿ ಕುಳಿತರೂ ವಿಮಾನವನ್ನು ಸೇರಕೂಡದು. ಲಂಡನ್ನಿನ ವ್ಯಾಪಾರ ಸಂಸ್ಥೆಯೊಂದು ಸುಳ್ಳು ಪ್ರಮಾಣಪತ್ರಗಳೊಡನೆ ಎಂಜಿನ್ ಭಾಗಗಳನ್ನು ಮಾರಿದ್ದುದು 2023ರಲ್ಲಿ ಬಯಲಾದಾಗ, ಹಲವು ದೇಶಗಳ ವಿಮಾನ ಸಂಸ್ಥೆಗಳು ಆ ಭಾಗಗಳನ್ನು ಹುಡುಕಿ ತೆಗೆಸಬೇಕಾಯಿತು.

ಆಕಾಶದ ಮಾತು ನಮಗೇಕೆಂದು ಕೇಳಬಹುದು. ನಮ್ಮ ಹೋಟೆಲುಗಳಲ್ಲಿ ತರಕಾರಿ ತರುವ ವ್ಯಾನುಗಳಿವೆ. ನಾಲ್ಕು ವರ್ಷ ಕೂಡಿಟ್ಟು ಹಳೆಯ ಕಾರು ಕೊಂಡ ಗುಮಾಸ್ತರಿದ್ದಾರೆ. ಹೊಸ ಭಾಗದ ಬೆಲೆ ಕೇಳಿ ಎದೆ ಝಲ್ಲೆಂದವರು ಮುಂಬಯಿಯ ಕುರ್ಲಾಕ್ಕೋ ಬೆಂಗಳೂರಿನ ಶಿವಾಜಿನಗರಕ್ಕೋ ಹೋಗುತ್ತಾರೆ. ಹೋಗುವುದು ತಪ್ಪಲ್ಲ. ಬರಿಯ ಗಾಡಿಯ ಹೆಸರು ಹೇಳಿ ಮಾಲು ಕೊಂಡು ಬರುವುದು ತಪ್ಪು.

ಈ ತಪ್ಪನ್ನು ನಾವೂ ಮಾಡಿದವರೇ. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮ ವ್ಯಾನಿನ ಸ್ಟಾರ್ಟರ್ ಕೆಟ್ಟಿತು. ಡ್ರೈವರನನ್ನು ಗುಜರಿಗೆ ಕಳುಹಿಸಿದೆವು. ಅಂಗಡಿಯಾತ, 'ಅದೇ ಗಾಡಿಯದು, ಕಣ್ಣು ಮುಚ್ಚಿಕೊಂಡು ಹಾಕಿ' ಎಂದನಂತೆ. ನಾವೂ ಕಣ್ಣು ಮುಚ್ಚಿಯೇ ಹಾಕಿಸಿದೆವು. ಮುಂದಿನ ಚಕ್ರದಲ್ಲಿ ಒಂದು ಹಲ್ಲು ಹೆಚ್ಚಿತ್ತು. ಹದಿನೈದು ದಿನಗಳಲ್ಲಿ ಅದು ಎಂಜಿನ್ನಿನ ದೊಡ್ಡ ಹಲ್ಲುಚಕ್ರವನ್ನೇ ಅರೆದುಹಾಕಿತು. ಗೇರುಪೆಟ್ಟಿಗೆ ಇಳಿಸಿ ರಿಪೇರಿ ಮಾಡಿಸಬೇಕಾಯಿತು. ಅಗ್ಗವೆಂದು ಮುಗ್ಗಲು ಜೋಳ ಕೊಂಡಂತಾಯಿತು ನಮ್ಮ ಪಾಡು.

ಒಂದೇ ಹೆಸರಿನ ಗಾಡಿಯಲ್ಲಿಯೂ ಕಂಪನಿಯವರು ವರ್ಷದಿಂದ ವರ್ಷಕ್ಕೆ ಒಳಗಿನದನ್ನು ಬದಲಾಯಿಸುತ್ತಿರುತ್ತಾರೆ. 2020ರ ಏಪ್ರಿಲ್ 1ರಂದು ಬಿ.ಎಸ್. 6 ನಿಯಮ ಬಂದ ಮೇಲೆ ಹೊಗೆಗೆ ಸಂಬಂಧಿಸಿದ ಎಷ್ಟೋ ಭಾಗಗಳು ಹಿಂದಿನ ಗಾಡಿಗಳವುಗಳಿಗಿಂತ ಬೇರೆಯಾದವು. ಹೊರಗಿನ ಆಕಾರ ಒಂದೇ ಇದ್ದು, ವಯರಿನ ಪ್ಲಗ್ಗಿನಲ್ಲಿ ಒಂದು ಪಿನ್ನು ಹೆಚ್ಚಿದ್ದರೂ ಭಾಗವು ಪ್ರಯೋಜನಕ್ಕೆ ಬಾರದು.

ಆದ ಕಾರಣ ಹಳೆಯ ಭಾಗವನ್ನು ಬಿಚ್ಚಿ, ತೊಳೆದು, ಅದರ ಮೇಲಿನ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳತಕ್ಕದ್ದು. ನಂಬರು ಅಳಿಸಿದ್ದರೆ, ಗಾಡಿಯ ಹದಿನೇಳು ಅಕ್ಷರಗಳ ಛಾಸಿ ನಂಬರನ್ನು ಕಂಪನಿಯ ಅಧಿಕೃತ ಅಂಗಡಿಯಲ್ಲಿ ತೋರಿಸಿ ಕೇಳಬಹುದು. ಹಳೆಯ ನಂಬರಿಗೆ ಬದಲು ಬೇರಾವ ನಂಬರು ನಡೆಯುವುದೆಂಬುದೂ ಅಲ್ಲಿಯೇ ತಿಳಿಯುವುದು. ಕೆಟ್ಟ ಭಾಗವನ್ನು ಜೊತೆಗೊಯ್ದು ಬೋಲ್ಟಿನ ತೂತು, ಹಲ್ಲು, ಪಿನ್ನುಗಳನ್ನು ಎಣಿಸಿ ನೋಡಿ. ಬಿಲ್ಲಿನಲ್ಲಿ ನಂಬರನ್ನೂ, ಹೊಂದದಿದ್ದರೆ ಹಿಂದಕ್ಕೆ ಪಡೆಯುವೆನೆಂಬ ಮಾತನ್ನೂ ಬರೆಯಿಸಿಕೊಳ್ಳಿ. ಎಂಜಿನ್ನನ್ನೇ ಬದಲಾಯಿಸಿದರೆ ಹೊಸ ನಂಬರನ್ನು ಆರ್.ಟಿ.ಒ. ಮೂಲಕ ಆರ್.ಸಿ. ಪುಸ್ತಕದಲ್ಲಿ ದಾಖಲಿಸದೆ ಗತ್ಯಂತರವಿಲ್ಲ. ಬ್ರೇಕಿನ ಪ್ಯಾಡು, ಸೀಟಿನ ಬೆಲ್ಟು, ಗಾಳಿಚೀಲ ಇವುಗಳನ್ನು ಮಾತ್ರ ನಂಬರು ಹೊಂದಿದರೂ ಹಳತು ಕೊಳ್ಳಬಾರದು. ಸವೆದದ್ದೆಷ್ಟು, ಅಪಘಾತ ಕಂಡದ್ದೆಷ್ಟು ಎಂಬುದನ್ನು ಕಣ್ಣು ಹೇಳಲಾರದು.

ಇದರಲ್ಲಿ ಕಷ್ಟವೇನಿದೆ? ನಮ್ಮ ಗುಮಾಸ್ತ ಬಂಧುಗಳು ಒಂದು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿಯೆಲ್ಲ ಕುಳಿತು ಲೆಕ್ಕ ತಾಳೆ ನೋಡುವವರು. ಗಲ್ಲಾದ ಮೇಲೆ ಕುಳಿತವರು ಚೀಟಿಯಿಲ್ಲದೆ ದುಡ್ಡು ಮುಟ್ಟುವವರಲ್ಲ. ಆ ಅಭ್ಯಾಸವನ್ನೇ ಗುಜರಿ ಅಂಗಡಿಗೂ ಒಯ್ದರೆ ಸಾಕು.

ಹೋಟೆಲಿನ ಧಣಿಗಳಿಗೆ ಒಂದು ಮಾತು. 'ಹೋಗಿ ಕಡಿಮೆಯದು ತಾ' ಎಂದು ಹುಡುಗನನ್ನು ಕಳುಹಿಸುವ ಮೊದಲು ನಂಬರಿನ ಚೀಟಿಯನ್ನು ಅವನ ಕೈಗೆ ಕೊಡಿ. ಬೆಳಗಿನ ನಾಲ್ಕು ಗಂಟೆಗೆ ಮಂಡಿಯಿಂದ ಬರುವ ಗಾಡಿ ನಿಲ್ಲದೆ ಹೋದರೆ, ಆ ಹೊತ್ತಿನಲ್ಲಿ ಅದರೊಳಗೆ ಕುಳಿತಿರುವವರು ಡ್ರೈವರನೂ ಮಾಣಿಯೂ ಹೊರತು ನಾವಲ್ಲ. ಉಳಿತಾಯದ ದುಡ್ಡು ನಮ್ಮ ಗಲ್ಲಾಕ್ಕೆ, ಅಪಾಯ ಅವರ ಪಾಲಿಗೆ ಎಂಬ ಲೆಕ್ಕವು ಯಾವ ಪುಸ್ತಕದಲ್ಲಿಯೂ ತಾಳೆಯಾಗುವುದಿಲ್ಲ.